ಹೈಡ್ರಂಟಿಗೆ ಕೂರದ ಕಪ್ಲಿಂಗ್: ಅಮೆರಿಕದ ನೀರು ಸರಬರಾಜು ಸಂಘಗಳ ಅನುಭವ

1904ರ ಫೆಬ್ರವರಿ 7ರಂದು ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರ ಕೇಂದ್ರಕ್ಕೆ ಬೆಂಕಿ ಬಿದ್ದಿತು. ವಾಷಿಂಗ್ಟನ್, ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್‌ಗಳಿಂದ ಅಗ್ನಿಶಾಮಕ ದಳಗಳು ರೈಲಿನಲ್ಲಿ ಧಾವಿಸಿದವು. ಆಳುಗಳಿದ್ದರು, ಪಂಪುಗಳಿದ್ದವು, ನೀರೂ ಇತ್ತು. ಆದರೆ ಹೊರ ಊರಿನಿಂದ ತಂದ ಅನೇಕ ಹೋಸುಗಳ ಕಪ್ಲಿಂಗ್ ಬಾಲ್ಟಿಮೋರಿನ ಹೈಡ್ರಂಟಿಗೆ ಕೂರಲಿಲ್ಲ. ಗಾಳಿಯೂ ಬೆಂಕಿಗೆ ನೆರವಾಗಿ 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟು ಹೋದವು. ದೇಶದಲ್ಲಿ 600ಕ್ಕೂ ಹೆಚ್ಚು ಅಳತೆಯ, ಬಗೆಯ ಕಪ್ಲಿಂಗ್‌ಗಳು ಬಳಕೆಯಲ್ಲಿವೆ ಎಂಬುದು ಅನಂತರದ ಪರಿಶೀಲನೆಯಲ್ಲಿ ತಿಳಿದು ಬಂದಿತು.

ಒಬ್ಬರ ಮಾಲು ಇನ್ನೊಬ್ಬರ ಮಾಲಿಗೆ ಹೊಂದಬೇಕಾದರೆ ಉದ್ಯಮದವರು ಒಂದೆಡೆ ಕುಳಿತು ಮಾತನಾಡಲೇಬೇಕು. ಆ ಕೆಲಸಕ್ಕೆ ಅಮೆರಿಕದ ನೀರು ಸರಬರಾಜು ಕ್ಷೇತ್ರದಲ್ಲಿ ಅಷ್ಟರಲ್ಲೇ ಅಡಿಪಾಯ ಬಿದ್ದಿತ್ತು. 1881ರ ಮಾರ್ಚ್ 29ರಂದು ಸೇಂಟ್ ಲೂಯಿಸ್ ನಗರದಲ್ಲಿ ಆರು ರಾಜ್ಯಗಳ 22 ಮಂದಿ ಸೇರಿ ಅಮೆರಿಕನ್ ವಾಟರ್ ವರ್ಕ್ಸ್ ಅಸೋಸಿಯೇಷನ್ ಸ್ಥಾಪಿಸಿದ್ದರು. ಮರುವರ್ಷವೇ ನ್ಯೂ ಇಂಗ್ಲೆಂಡ್ ಪ್ರಾಂತದವರು ತಮ್ಮದೇ ಪ್ರತ್ಯೇಕ ಸಂಘ ಕಟ್ಟಿಕೊಂಡರು. ಅದು ಇಂದು ದೊಡ್ಡ ಸಂಘದ ಒಂದು ಪ್ರಾದೇಶಿಕ ವಿಭಾಗವಾಗಿದೆ. 1908ರಲ್ಲಿ ದೊಡ್ಡ ಸಂಘವು ಎರಕದ ಕಬ್ಬಿಣದ ಕೊಳವೆಗಳಿಗೆ ತನ್ನ ಮೊದಲ ಮಾನಕವನ್ನು ಅಂಗೀಕರಿಸಿತು. 1914ರಿಂದ ನಿಯತಕಾಲಿಕವೂ ಹೊರಬರುತ್ತಿದೆ.

ಸಣ್ಣ ತಯಾರಕರು ಗಮನಿಸಬೇಕಾದುದು ಈ ಮಾನಕಗಳು ರೂಪುಗೊಳ್ಳುವ ಬಗೆಯನ್ನು. ಸಮಿತಿಯ ಮೇಜಿನ ಸುತ್ತ ಮೂರು ವರ್ಗದವರು ಕೂರುತ್ತಾರೆ: ಕೊಳ್ಳುವ ನೀರು ಸರಬರಾಜು ಸಂಸ್ಥೆಗಳವರು, ಮಾಡಿ ಮಾರುವವರು, ಹಾಗೂ ಸಲಹೆಗಾರರು, ಅಧ್ಯಾಪಕರೇ ಮೊದಲಾದ ಇತರರು. ಯಾವ ವರ್ಗದ ಕೈಯೂ ಮೇಲಾಗದಂತೆ ಸಂಖ್ಯೆಯನ್ನು ಸರಿದೂಗಿಸಲಾಗುತ್ತದೆ. ಭಿನ್ನಾಭಿಪ್ರಾಯದ ಮತ ಬಂದರೆ ಅದಕ್ಕೆ ಬರಹದಲ್ಲಿ ಉತ್ತರ ಕೊಡಬೇಕು. ಸುಮಾರು ಐದು ವರ್ಷಕ್ಕೊಮ್ಮೆ ಮಾನಕವನ್ನು ಮರಳಿ ಪರಿಶೀಲಿಸಿ ಮುಂದುವರಿಸುವುದೋ, ತಿದ್ದುವುದೋ, ಕೈಬಿಡುವುದೋ ಎಂದು ತೀರ್ಮಾನಿಸುತ್ತಾರೆ. ಇದು ನಿಧಾನದ ದಾರಿಯೆಂಬುದು ನಿಜ. ಆದರೆ ವಾಲ್ವಿನ ದಪ್ಪ ಒಂದು ಕೂದಲೆಳೆಯಷ್ಟು ಬದಲಾದರೂ ಅಚ್ಚು, ಎರಕ, ದಾಸ್ತಾನು ಎಲ್ಲವನ್ನೂ ಬದಲಿಸಬೇಕಾಗುವ ಕಾರ್ಖಾನೆಯವನಿಗೆ ಈ ನಿಧಾನವೇ ರಕ್ಷಣೆ.

ಡೆನ್ವರಿನ ಕೇಂದ್ರ ಕಚೇರಿಯೊಂದರಿಂದಲೇ ಸುಮಾರು 50,000 ಸದಸ್ಯರನ್ನು ಹಿಡಿದಿಡುವುದು ಸಾಧ್ಯವಿಲ್ಲ. ಆ ಹೊರೆಯನ್ನು 43 ಪ್ರಾದೇಶಿಕ ವಿಭಾಗಗಳು ಹೊತ್ತಿವೆ. ಇವುಗಳ ಸಮ್ಮೇಳನಗಳಲ್ಲಿ ಪ್ರಬಂಧ ಮಂಡನೆ, ವಸ್ತು ಪ್ರದರ್ಶನ ಎಲ್ಲ ಕಡೆಯಂತೆಯೇ ಇರುತ್ತವೆ. ಜನರನ್ನು ನಿಜವಾಗಿ ಸೆಳೆಯುವುದು ಸ್ಪರ್ಧೆಗಳು. ಕೊಳವೆ ಟ್ಯಾಪಿಂಗ್ ಸ್ಪರ್ಧೆಯಲ್ಲಿ ನಾಲ್ವರ ತಂಡವು ಒತ್ತಡದ ನೀರು ತುಂಬಿದ ಡಕ್ಟೈಲ್ ಕಬ್ಬಿಣದ ಕೊಳವೆಗೆ ರಂಧ್ರ ಕೊರೆದು ಮನೆ ಸಂಪರ್ಕವನ್ನು ಜೋಡಿಸಬೇಕು. ಸೋರಿಕೆ ಕಂಡರೆ ದಂಡವಾಗಿ ಸೆಕೆಂಡುಗಳನ್ನು ಸೇರಿಸುತ್ತಾರೆ. ಮತ್ತೊಂದರಲ್ಲಿ ಇಬ್ಬರು ಸೇರಿ ಬಿಡಿಭಾಗಗಳಿಂದ ಹೈಡ್ರಂಟ್ ಕಟ್ಟಬೇಕು. ಮೀಟರು ಜೋಡಣೆಯ ಸ್ಪರ್ಧೆಯಂತೂ ತುಂಟತನದ್ದು: ಬಕೆಟ್ಟಿನೊಳಗಿನ ಬಿಡಿಭಾಗಗಳ ನಡುವೆ ಸಂಬಂಧವಿಲ್ಲದ ಕೆಲವನ್ನೂ ಬೆರೆಸಿಟ್ಟಿರುತ್ತಾರೆ. ವಿಭಾಗಗಳಲ್ಲಿ ಗೆದ್ದವರು ವಾರ್ಷಿಕ ಮಹಾಸಮ್ಮೇಳನಕ್ಕೆ ಹೋಗುತ್ತಾರೆ. ಎಂಜಿನಿಯರುಗಳ ಸಂಘವೆಂದು ದೂರವೇ ಉಳಿಯಬಹುದಾಗಿದ್ದ ಫಿಟ್ಟರುಗಳೂ ಮೀಟರು ರಿಪೇರಿಯವರೂ ಈ ಮೂಲಕ ಒಳಗೆ ಬರುತ್ತಾರೆ. ಯಾವ ಬೋಲ್ಟು ಕೈಗೆ ತೊಡಕಾಗುತ್ತದೆ, ಯಾವ ವಾಷರು ಬೇಗ ಹಾಳಾಗುತ್ತದೆ ಎಂಬುದನ್ನು ಬಲ್ಲವರು ಇವರೇ. ಹತ್ತಿರ ನಿಂತು ನೋಡುವ ತಯಾರಕನಿಗೆ ಇಷ್ಟು ಅಗ್ಗದ ಮಾರುಕಟ್ಟೆ ಸಮೀಕ್ಷೆ ಬೇರೆಲ್ಲೂ ಸಿಗಲಾರದು.

ಇಷ್ಟೆಲ್ಲ ಇದ್ದರೂ ಬಾಲ್ಟಿಮೋರಿನ ಪಾಠ ಎಲ್ಲರಿಗೂ ತಲುಪಿರಲಿಲ್ಲ. 1991ರ ಅಕ್ಟೋಬರ್ 20ರಂದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಬೆಟ್ಟಗಳಲ್ಲಿ ಹಬ್ಬಿದ ಬೆಂಕಿ 25 ಜನರನ್ನು ಬಲಿ ತೆಗೆದುಕೊಂಡಿತು. ನೆರವಿಗೆ ಬಂದವರ ಹೋಸುಗಳು ಎರಡೂವರೆ ಇಂಚಿನವು. ಓಕ್‌ಲೆಂಡಿನ ಹೈಡ್ರಂಟುಗಳ ಬಾಯಿ ಮೂರು ಇಂಚಿನದು. 1989ರ ಲೋಮಾ ಪ್ರಿಯೇಟಾ ಭೂಕಂಪದ ನೆನಪೂ ಹಸಿಯಾಗಿಯೇ ಇತ್ತು. ಈ ಎರಡು ದುರಂತಗಳ ಬೆನ್ನಿಗೆ, 1992ರಲ್ಲಿ, ಅಲ್ಲಿನ ನೀರು ಸಂಸ್ಥೆಗಳು ಪರಸ್ಪರ ನೆರವಿನ ಜಾಲವೊಂದನ್ನು ರಚಿಸಿಕೊಂಡವು. ಫ್ಲಾರಿಡಾ 2000ದಲ್ಲಿ ಇದೇ ದಾರಿ ಹಿಡಿಯಿತು. 2005ರಲ್ಲಿ ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ ಫ್ಲಾರಿಡಾದ ತಂಡಗಳು ಮಿಸಿಸಿಪ್ಪಿಯವರೆಗೂ ಹೋಗಿ ದುಡಿದವು. ಮರುವರ್ಷ ರಾಷ್ಟ್ರೀಯ ಸಂಘಗಳು ಈ ಮಾದರಿಯನ್ನು ಎಲ್ಲ ರಾಜ್ಯಗಳಿಗೂ ಶಿಫಾರಸು ಮಾಡಿದವು.

ಈ ಜಾಲದ ತಿರುಳು ವ್ಯವಹಾರದ್ದು. ಆಪತ್ತು ಬರುವ ಮೊದಲೇ ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ. ಕರೆ ಬಂದಾಗ ಹೋಗಲೇಬೇಕೆಂಬ ಕಟ್ಟುಪಾಡಿಲ್ಲ; ಆದರೆ ಹೋದವರ ಖರ್ಚನ್ನು ಕರೆದವರು ಭರಿಸಬೇಕು. ಜನರೇಟರು ಯಾರದು, ಕೂಲಿ ಯಾರದು, ಗಾಯವಾದರೆ ಹೊಣೆ ಯಾರದು ಎಂದು ನೀರು ನಿಂತ ದಿನ ಚರ್ಚಿಸುತ್ತ ಕೂರಬೇಕಾಗಿಲ್ಲ.

ನಮ್ಮಲ್ಲಿ ಇಂಥ ವೇದಿಕೆಗಳೇ ಇಲ್ಲವೆನ್ನುವಂತಿಲ್ಲ. 1968ರಲ್ಲಿ ಸ್ಥಾಪನೆಯಾದ ಇಂಡಿಯನ್ ವಾಟರ್ ವರ್ಕ್ಸ್ ಅಸೋಸಿಯೇಷನ್ ಮುಂಬಯಿಯಲ್ಲಿ ಮುಖ್ಯ ಕಚೇರಿ ಹೊಂದಿದ್ದು, ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಅದರ ಕೇಂದ್ರಗಳಿವೆ. ಮನೆಬಳಕೆಯ ನೀರಿನ ಮೀಟರಿಗೆ ಐಎಸ್ 779, ಪಿವಿಸಿ ಕೊಳವೆಗೆ ಐಎಸ್ 4985, ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ ಐಎಸ್ 8034 ಎಂಬ ಸಂಖ್ಯೆಗಳು ಈ ವ್ಯಾಪಾರದಲ್ಲಿರುವವರಿಗೆ ಬಾಯಿಪಾಠ. ಇವುಗಳ ಕರಡನ್ನು ಭಾರತೀಯ ಮಾನಕ ಬ್ಯೂರೋ ಅಂತಿಮಗೊಳಿಸುವ ಮುನ್ನ ಅಭಿಪ್ರಾಯಕ್ಕಾಗಿ ಬಹಿರಂಗಪಡಿಸುತ್ತದೆ. ನಿಗದಿತ ಅವಧಿಯೊಳಗೆ ಯಾರು ಬೇಕಾದರೂ, ಹತ್ತು ಆಳುಗಳ ಕಾರ್ಖಾನೆಯವರೂ ಸಹ, ಇಂಥ ಕಲಮು, ಇಂಥ ತಿದ್ದುಪಡಿ, ಇಂಥ ಕಾರಣ ಎಂದು ಬರೆದು ಕಳುಹಿಸಬಹುದು. ಸದಸ್ಯರ ಪರವಾಗಿ ಸಂಘವೇ ಕಳುಹಿಸುವುದಕ್ಕೂ ಅಡ್ಡಿಯಿಲ್ಲ.