ಮನೆ ಬದಲಾದರೆ ಫೋನ್ ನಂಬರ್ ಏನಾಗುತ್ತೆ?

ಮನೆ ಬದಲಾಯಿಸ್ತೀವಿ. ಪಾತ್ರೆ ಪಗಡ ಗಾಡಿಗೆ ಏರುತ್ತೆ. ಹಾಸಿಗೆ, ಟ್ರಂಕು, ದೇವರ ಪಟ ಏರುತ್ತೆ. ನೆಲದಲ್ಲಿ ಹೂತ ಒಳಕಲ್ಲು ಮಾತ್ರ ಅಲ್ಲೇ ಉಳಿಯುತ್ತೆ. ಗೋಡೆ ಪಕ್ಕದ ಫೋನು? ಅದನ್ನು ಬಿಚ್ಚಿ ತರಬಹುದು. ಆದರೆ ಅದರ ನಂಬರ್ ನಮ್ಮ ಜೊತೆ ಬರುತ್ತಾ?

ಇದು ಸಣ್ಣ ಪ್ರಶ್ನೆ ಅಲ್ಲ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ಅಂಥ ಒಂದು ಮನೆಯಲ್ಲಿ 20 ವರ್ಷದಿಂದ ಒಂದೇ ನಂಬರ್ ಇದೆ ಅಂದುಕೊಳ್ಳಿ. ಸೀರೆ ಬೇಕಾದವರು ಆ ನಂಬರಿಗೇ ಫೋನ್ ಮಾಡ್ತಾರೆ. ದೂರದ ಊರಿಗೆ ಕೊಟ್ಟ ಮಗಳಿಗೆ ಅದು ಬಾಯಿಪಾಠ. ನಂಬರ್ ಹೋದರೆ ಗಿರಾಕಿ ಹೋಗ್ತಾರೆ. ಮಗಳು ಕರೆದರೆ ಬೇರೆ ಯಾರೋ ಎತ್ತುತ್ತಾರೆ.

ಮೊಬೈಲ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಅದು ಒಬ್ಬರ ಜೇಬಿನಲ್ಲಿ ಹೊರಟು ಹೋಗುತ್ತೆ. ಬಹಳ ಮನೆಗಳಲ್ಲಿ ಅದು ಗಂಡಸರ ಜೇಬು. ಗೋಡೆ ಫೋನು ಮನೆಯಲ್ಲೇ ಇರುತ್ತೆ. ಅದು ಹೆಂಗಸರ ಫೋನು ಅಂತ ನನಗೆ ಅನ್ನಿಸುತ್ತೆ.

ಮೊದಲು ನಂಬರ್ ಓದೋಣ. ನಿಮ್ಮ ಫೋನಿನ ಬಿಲ್ಲು ಕೈಗೆ ತಗೊಳ್ಳಿ. ಚಳ್ಳಕೆರೆಯ ಬಿಲ್ಲಾದರೆ ನಂಬರಿನ ಮುಂದೆ 08195 ಇರುತ್ತೆ. ಮೊಳಕಾಲ್ಮುರಿನದಾದರೆ 08198. ಇದಕ್ಕೆ ಎಸ್‌ಟಿಡಿ ಕೋಡ್ ಅನ್ನುತ್ತಾರೆ. ಚಿತ್ರದುರ್ಗಕ್ಕೆ 08194, ಹಿರಿಯೂರಿಗೆ 08193. ಹೆಚ್ಚು ಕಡಿಮೆ ಒಂದು ತಾಲ್ಲೂಕಿಗೆ ಒಂದು ಕೋಡು. ಕೋಡಿನ ನಂತರ 6 ಅಂಕಿ ಬರುತ್ತೆ. ಕೋಡು ಊರಿನ ಗುರುತು, ಆ 6 ಅಂಕಿ ಮನೆಯ ಗುರುತು. ಮುಂದಿನ ಸೊನ್ನೆ ಬಿಟ್ಟು ಎಣಿಸಿ. 4 ಅಂಕಿ, 6 ಅಂಕಿ, ಒಟ್ಟು 10. ಮೊಬೈಲ್ ನಂಬರಿಗೂ 10 ಅಂಕಿಯೇ.

ಈ ನಂಬರ್ ಎಲ್ಲಿದೆ? ಫೋನಿನ ಡಬ್ಬಿಯಲ್ಲಿ ಇಲ್ಲ. ಡಬ್ಬಿ ಕೆಟ್ಟು ಹೊಸದು ತಂದರೂ ನಂಬರ್ ಅದೇ ಇರುತ್ತಲ್ಲ! ನಂಬರ್ ಇರೋದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಅಲ್ಲಿಂದ ಪ್ರತಿ ಮನೆಗೂ ಒಂದು ಜೋಡಿ ತಾಮ್ರದ ತಂತಿ ಬರುತ್ತೆ. ನೆಲದ ಒಳಗೆ ಬಂದು, ಬೀದಿಯ ಪೆಟ್ಟಿಗೆಗೆ ಸೇರಿ, ಕಂಬ ಹತ್ತಿ ನಮ್ಮ ಮನೆಗೆ ಇಳಿಯುತ್ತೆ. ಎಕ್ಸ್‌ಚೇಂಜಿನ ಒಳಗೆ ಈ ತಂತಿಗಳೆಲ್ಲ ಒಂದು ದೊಡ್ಡ ಚೌಕಟ್ಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಮಗ್ಗಕ್ಕೆ ಹಾಸು ಹೂಡಿದ ಹಾಗೆ. ಚೌಕಟ್ಟಿನ ಒಂದು ಕಡೆ ನಂಬರುಗಳು, ಇನ್ನೊಂದು ಕಡೆ ಮನೆಗಳ ತಂತಿಗಳು. ನಡುವೆ ಒಂದು ತುಂಡು ತಂತಿ ಎರಡನ್ನೂ ಸೇರಿಸುತ್ತೆ.

ಈಗ ವಿಷಯ ಸುಲಭ. ನೀವು ಚಳ್ಳಕೆರೆ ಪೇಟೆಯಲ್ಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದಿರಿ. ಎರಡು ಬೀದಿಗೂ ಒಂದೇ ಎಕ್ಸ್‌ಚೇಂಜ್. ಆಗ ಆ ತುಂಡು ತಂತಿಯನ್ನು ಹಳೇ ಮನೆಯ ಜೋಡಿಯಿಂದ ಬಿಚ್ಚಿ ಹೊಸ ಮನೆಯ ಜೋಡಿಗೆ ಕಟ್ಟುತ್ತಾರೆ. ನಂಬರ್ ನಿಮ್ಮದೇ. ಆದರೆ ಹೊಸ ಬೀದಿಯಲ್ಲಿ ಖಾಲಿ ಜೋಡಿ ತಂತಿ ಇರಬೇಕು. ಅದನ್ನು ಮೊದಲೇ ಕೇಳಿಕೊಳ್ಳಿ.

ಒಂದೇ ತಾಲ್ಲೂಕಿನಲ್ಲಿ ಬೇರೆ ಊರಿಗೆ ಹೋದರೆ? ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಹೋದಿರಿ ಅಂತ ಇಟ್ಟುಕೊಳ್ಳಿ. ಎಕ್ಸ್‌ಚೇಂಜ್ ಬೇರೆ ಆದರೆ ತಾಮ್ರದ ತಂತಿಯ ನಂಬರ್ ಸಾಮಾನ್ಯವಾಗಿ ಬದಲಾಗುತ್ತೆ. ಹಳ್ಳಿಗಳಿಗೂ ಎಕ್ಸ್‌ಚೇಂಜ್ ಬಂದದ್ದು ನಮಗೆ ಹೆಮ್ಮೆಯ ಮಾತು. ಸಿ-ಡಾಟ್ ಅನ್ನುವ ಸರ್ಕಾರಿ ಸಂಸ್ಥೆ 1984ರಲ್ಲಿ ಶುರುವಾಯಿತು. ಧೂಳು, ಸೆಕೆ ತಡೆಯುವ ಸಣ್ಣ ಎಕ್ಸ್‌ಚೇಂಜನ್ನು ನಮ್ಮ ದೇಶದಲ್ಲೇ ಮಾಡಿತು. ಅದರ ಮೊದಲನೆಯದನ್ನು 1986ರಲ್ಲಿ ಕೂಡಿಸಿದ್ದು ನಮ್ಮ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಊರಿನಲ್ಲಿ. ಊರೂರಿಗೆ ಎಕ್ಸ್‌ಚೇಂಜ್ ಬಂತು, ಅದರ ಜೊತೆ ಊರೂರಿಗೆ ಬೇರೆ ಬೇರೆ ನಂಬರ್ ಸಾಲೂ ಬಂತು.

ಇನ್ನು ಚಳ್ಳಕೆರೆ ಬಿಟ್ಟು ಮೊಳಕಾಲ್ಮುರಿಗೇ ಹೋದರೆ ನಂಬರ್ ಉಳಿಯೋದಿಲ್ಲ. 08195 ಅಂತ ಒತ್ತಿದ ಕರೆ ಚಳ್ಳಕೆರೆ ಕಡೆಗೇ ಓಡುತ್ತೆ. ಯಾರನ್ನು ಬೇಡಿಕೊಂಡರೂ ಅದು ದಾರಿ ಬದಲಿಸೋದಿಲ್ಲ. ಸಂಪರ್ಕ ವರ್ಗ ಮಾಡಿಸಬಹುದು, ನಂಬರ್ ಹೊಸದೇ ಸಿಗುತ್ತೆ.

"ಮೊಬೈಲ್ ನಂಬರ್ ಎಲ್ಲಿ ಹೋದರೂ ಅದೇ ಇರುತ್ತಲ್ಲ?" ನಿಜ. ಮೊಬೈಲಿಗೆ ತಂತಿ ಇಲ್ಲ. ನಂಬರ್ ಸಿಮ್ಮಿಗೆ ಸೇರಿದ್ದು. 2011ರ ಜನವರಿಯಿಂದ ದೇಶದಲ್ಲೆಲ್ಲ ನಂಬರ್ ಇಟ್ಟುಕೊಂಡೇ ಮೊಬೈಲ್ ಕಂಪನಿ ಬದಲಾಯಿಸಬಹುದು. 2015ರ ಜುಲೈಯಿಂದ ಬೇರೆ ರಾಜ್ಯಕ್ಕೆ ಹೋದರೂ ಆ ಸೌಲಭ್ಯ ಇದೆ. ಗೋಡೆ ಫೋನಿಗೆ ಈ ಸೌಲಭ್ಯ ಕೊಟ್ಟಿಲ್ಲ.

ಈಗ ಬಹಳ ಕಡೆ ತಾಮ್ರದ ಬದಲು ಗಾಜಿನ ಎಳೆ ಬರ್ತಾ ಇದೆ. ಇದಕ್ಕೆ ಫೈಬರ್ ಅಂತಾರೆ. ಫೈಬರಿಗೆ ಬದಲಾಗುವಾಗ ಹಳೇ ನಂಬರನ್ನೇ ಉಳಿಸಿಕೊಡಿ ಅಂತ ಬಾಯಿಬಿಟ್ಟು ಕೇಳಿ, ಅರ್ಜಿಯಲ್ಲೂ ಬರೆಯಿರಿ. ಕೇಳದೆ ಇದ್ದರೆ ಹೊಸ ನಂಬರ್ ಕೊಟ್ಟುಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದ್ದು ಬಿಲ್ಲಿನ ಮೇಲಿರುವ ಹೆಸರು. ಅದನ್ನು ಕೂಡಿಸಿ ಓದಿ. ಯಾರ ಹೆಸರಿದೆ? ಗಂಡನದೋ, ಮಾವನದೋ? ಮನೆ ಬದಲಾದಾಗ ಅರ್ಜಿ ಕೊಡಬೇಕಾದವರು ಅವರೇ. ಅವರು ತೀರಿಕೊಂಡಿದ್ದರೆ ಮೊದಲು ಹೆಸರು ಬದಲಾಯಿಸಬೇಕು. ಮರಣ ಪತ್ರ, ನೀವು ವಾರಸುದಾರರು ಅನ್ನುವ ಕಾಗದ, ನಿಮ್ಮ ಗುರುತಿನ ಚೀಟಿ ಬೇಕಾಗುತ್ತೆ. ಬೇರೆ ವಾರಸುದಾರರ ಒಪ್ಪಿಗೆಯನ್ನೂ ಕೇಳಬಹುದು. ಎಷ್ಟೋ ಮನೆಗಳಲ್ಲಿ ಇದನ್ನು ಹಾಗೇ ಬಿಟ್ಟಿರುತ್ತಾರೆ. ಬಿಲ್ಲು ಕಟ್ಟುತ್ತಾ ಇದ್ದರೆ ಫೋನು ನಡೆಯುತ್ತೆ, ಯಾರೂ ಕೇಳೋದಿಲ್ಲ. ಮನೆ ಬದಲಾಯಿಸುವ ದಿನ ತೊಡಕು ಎದುರಿಗೆ ಬರುತ್ತೆ. ನಿಮ್ಮ ಕಾಗದದಲ್ಲಿ ದೂರಸಂಪರ್ಕ ಇಲಾಖೆ ಅಂತ ಇದ್ದರೆ ಗಾಬರಿ ಬೇಡ. 2000ದ ಅಕ್ಟೋಬರ್ 1ರಿಂದ ಅದೇ ಕೆಲಸ ಬಿಎಸ್‌ಎನ್‌ಎಲ್‌ಗೆ ಬಂದಿದೆ.

ಅರ್ಜಿಗೆ ಕೊನೆಯ ಬಿಲ್ಲು, ಹೊಸ ಮನೆಯ ವಿಳಾಸದ ದಾಖಲೆ ಸೇರಿಸಿ. ಬಾಕಿ ಇದ್ದರೆ ಕಟ್ಟಿ. ಹೆಬ್ಬೆಟ್ಟು ಬೇಡ, ನೀವೇ ರುಜು ಹಾಕಿ. ತಾರೀಕು ಇರುವ ರಸೀದಿ ಕೇಳಿ ಪಡೆಯಿರಿ.

ನಂಬರ್ ಬದಲಾಗೋದೇ ಖಂಡಿತ ಅಂತ ಗೊತ್ತಾದರೆ ಹಳೇ ಫೋನನ್ನು ಬೇಗ ಬಿಡಬೇಡಿ. ತಮ್ಮನೋ ಮೈದುನನೋ ಹಳೇ ಮನೆಯಲ್ಲೇ ಇದ್ದರೆ ಸಂಪರ್ಕ ಅಲ್ಲೇ ಇರಲಿ. ಅಲ್ಲಿಗೆ ಬರುವ ಕರೆ ನಿಮ್ಮ ಮೊಬೈಲಿಗೆ ತಿರುಗುವ ಹಾಗೆ ಮಾಡಿಸಬಹುದು. ಇದಕ್ಕೆ ಖರ್ಚಿದೆ, ಎಷ್ಟು ಅಂತ ಕೇಳಿಕೊಳ್ಳಿ. ಅಷ್ಟರಲ್ಲಿ ಒಂದು ಪುಸ್ತಕದಲ್ಲಿ ಯಾರಿಗೆಲ್ಲ ತಿಳಿಸಬೇಕು ಅಂತ ಬರೆಯಿರಿ. ಬ್ಯಾಂಕು, ಗ್ಯಾಸಿನವರು, ಮಕ್ಕಳ ಶಾಲೆ, ಸೀರೆ ಕೊಳ್ಳುವವರು, ಮಗಳು. ತಿಳಿಸಿದವರ ಹೆಸರಿನ ಮುಂದೆ ಗೆರೆ ಎಳೆಯಿರಿ. ಎಲ್ಲ ಗೆರೆ ಮುಗಿದ ಮೇಲೆ ಹಳೇ ಸಂಪರ್ಕ ಬಿಡಿ. ಬಿಟ್ಟ ನಂಬರನ್ನು ಮುಂದೆ ಬೇರೆ ಮನೆಗೆ ಕೊಡಬಹುದು. ಸಂಪರ್ಕ ಬಿಡುವ ದಿನ ಮೊದಲು ಕಟ್ಟಿದ ಠೇವಣಿಯನ್ನೂ ಕೇಳಿ. ಬಾಕಿ ಕಳೆದು ಉಳಿದ ಹಣ ನಿಮಗೆ ವಾಪಸ್ ಬರಬೇಕು.