ಕೊಂಡ ಮೇಲೆ ಬೆಲೆ ಇಳಿದರೆ ಏನು ಮಾಡಬೇಕು?

ದೆಹಲಿ ಹಾಗೂ ಸುತ್ತಲಿನ ನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಸೋಫಾ, ಮಂಚ, ಊಟದ ಮೇಜುಗಳನ್ನು ಕೊಳ್ಳುವುದು ಬಹುಮಟ್ಟಿಗೆ ಗೃಹಪ್ರವೇಶ, ಮದುವೆ ಅಥವಾ ಹಬ್ಬಗಳ ಸಂದರ್ಭದಲ್ಲಿ. ಪಿತೃಪಕ್ಷದಲ್ಲಿ ಹೊಸ ವಸ್ತು ತರಬಾರದೆಂಬ ನಂಬಿಕೆ ಉತ್ತರ ಭಾರತದವರಲ್ಲಿಯೂ ಇರುವುದರಿಂದ ಆ ದಿನಗಳಲ್ಲಿ ವ್ಯಾಪಾರ ಮಂದವಾಗಿ, ನವರಾತ್ರಿಯಿಂದ ಧನ್‌ತೇರಸ್‌ವರೆಗೆ ರಿಯಾಯಿತಿಗಳ ಭರಾಟೆ ಏಳುತ್ತದೆ. ಗಣೇಶನ ಹಬ್ಬದ ವೇಳೆಗೆ 60,000 ರೂ. ಕೊಟ್ಟು ತಂದ ಸೋಫಾ ಒಂದೇ ತಿಂಗಳಲ್ಲಿ 52,000 ರೂ.ಗೆ ಕಂಡರೆ ಯಾರಿಗಾದರೂ ಕಸಿವಿಸಿಯಾಗುವುದು ಸಹಜ. ಆ 8,000 ರೂ.ಗಳನ್ನು ಕೇಳಿ ಪಡೆಯಬಹುದೇ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಕಾನೂನಿನ ನಿಲುವು

ಬೆಲೆ ಆಮೇಲೆ ಇಳಿಯಿತೆಂಬ ಒಂದೇ ಕಾರಣಕ್ಕೆ ವ್ಯತ್ಯಾಸದ ಹಣವನ್ನು ಹಿಂದಿರುಗಿಸಬೇಕೆಂದು ನಮ್ಮ ದೇಶದ ಕಾನೂನು ಹೇಳುವುದಿಲ್ಲ. ಅಮೆರಿಕದ ಕಾಸ್ಟ್‌ಕೊದಂತಹ ಮಳಿಗೆಗಳು 30 ದಿನಗಳೊಳಗೆ ಬೆಲೆ ಇಳಿದರೆ ವ್ಯತ್ಯಾಸವನ್ನು ಕೊಡುವ ಪದ್ಧತಿಯಿಟ್ಟುಕೊಂಡಿವೆ. ಆದರೆ ಅದು ಅಂಗಡಿಯ ನಿಯಮವೇ ಹೊರತು ಗ್ರಾಹಕನ ಜನ್ಮಸಿದ್ಧ ಹಕ್ಕಲ್ಲ. ಆದ್ದರಿಂದ ನಮ್ಮ ಬಲವೆಲ್ಲ ಎರಡು ಸಂಗತಿಗಳಲ್ಲಿದೆ: ಕೈಯಲ್ಲಿರುವ ಕಾಗದ ಮತ್ತು ಕಳೆದಿರುವ ದಿನಗಳು.

ಕೀರ್ತಿನಗರ, ಪಂಚಕುಯ್ಯಾ ರಸ್ತೆ, ಅಮರ್ ಕಾಲೊನಿಗಳಂತಹ ಮಾರುಕಟ್ಟೆಗಳಲ್ಲಿ ಇನ್ನೊಂದು ತೊಡಕುಂಟು. ಹೇಳಿ ಮಾಡಿಸಿದ ಮರದ ಸಾಮಾನಿಗೆ ಪೊಟ್ಟಣದ ಸರಕಿನಂತೆ ಮುದ್ರಿತ ಗರಿಷ್ಠ ಬೆಲೆ ಇರುವುದಿಲ್ಲ. ಚೌಕಾಸಿಯಲ್ಲಿ ಒಪ್ಪಿದ್ದೇ ಬೆಲೆ. ಮರದ ಜಾತಿ, ಫೋಮಿನ ದಪ್ಪ, ಬಟ್ಟೆ ಇವು ಬದಲಾದರೆ ಹೊರನೋಟಕ್ಕೆ ಒಂದೇ ರೀತಿ ಕಾಣುವ ಎರಡು ಸೋಫಾಗಳು ಒಂದೇ ವಸ್ತುವಲ್ಲ. ರಸೀತಿಯಲ್ಲಿ ಬರಿದೇ ‘ಸೋಫಾ ಒಂದು’ ಎಂದಿದ್ದರೆ, ಬೆಲೆ ಇಳಿದಿದೆಯೆಂದು ತೋರಿಸುವುದಕ್ಕೂ ನಮ್ಮಲ್ಲಿ ಆಧಾರವಿರುವುದಿಲ್ಲ.

ಮನೆಗೆ ಬರುವ ಮುನ್ನ

ಮುಂಗಡ ಕೊಟ್ಟು, ಸಾಮಾನು ಇನ್ನೂ ಬಾರದಿರುವ ಕಾಲವೇ ಅತ್ಯಂತ ಅನುಕೂಲದ ಕಾಲ. ಆದೇಶ ಕೊಡುವಾಗಲೇ ರಸೀತಿಯ ಮೇಲೆ ‘ಡಿಲಿವರಿ ಸೆ ಪೆಹಲೆ ರೇಟ್ ಕಮ್ ಹುವಾ ತೊ ಕಮ್ ರೇಟ್ ಲಗೇಗಾ’ ಎಂದು ಬರೆಸಿ, ಅಂಗಡಿಯವರ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. ಒಪ್ಪುವ ವ್ಯಾಪಾರಿಗಳು ಇದ್ದಾರೆ; ಕೇಳುವವರು ಕಡಿಮೆ. ಅಂತರಜಾಲದಲ್ಲಿ ಕೊಂಡಿದ್ದರೆ, ರದ್ದತಿಗೆ ಶುಲ್ಕವಿಲ್ಲವೆಂದು ಖಚಿತಪಡಿಸಿಕೊಂಡು, ಹೊಸ ಬೆಲೆಯಲ್ಲಿ ಮತ್ತೆ ಕಾಯ್ದಿರಿಸಿದ ನಂತರವೇ ಹಳೆಯ ಆದೇಶವನ್ನು ರದ್ದುಪಡಿಸಬೇಕು.

ತೆರಿಗೆ ಇಳಿದಾಗಲೂ ಈ ಅವಧಿಯೇ ಮುಖ್ಯ. 2025ರ ಸೆಪ್ಟೆಂಬರ್ 22ರಂದು ಬಿದಿರು ಮತ್ತು ಬೆತ್ತದ ಪೀಠೋಪಕರಣಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಇಂತಹ ಸಂದರ್ಭದಲ್ಲಿ ಮುಂಗಡವನ್ನು ಮೊದಲೇ ಕೊಟ್ಟಿದ್ದರೂ, ಸಾಮಾನು ಮತ್ತು ಬಿಲ್ಲು ಎರಡೂ ದರ ಬದಲಾದ ಮೇಲೆ ಬಂದರೆ ಹೊಸ ದರವೇ ಅನ್ವಯವಾಗುತ್ತದೆ. ಎರಡೂ ಮೊದಲೇ ಮುಗಿದು ಹಣವೂ ಸಂದಾಯವಾಗಿದ್ದರೆ ಹಳೆಯ ದರವೇ ನಿಲ್ಲುತ್ತದೆ.

ಮನೆಗೆ ಬಂದ ಮೇಲೆ

ಮೊದಲು, ಹಿಂದಿರುಗಿಸುವ ಅವಧಿ ಮುಗಿದಿದೆಯೇ ನೋಡಿ. ಮುಗಿದಿಲ್ಲವಾದರೆ ಅಂಗಡಿಯವರೊಡನೆ ಮಾತನಾಡಲು ಅದೇ ನಿಮ್ಮ ಆಧಾರ. ಹೊಸ ಬೆಲೆಯ ಚಿತ್ರವನ್ನು ದಿನಾಂಕ ಸಹಿತ ಉಳಿಸಿಕೊಂಡು, ಅದೇ ಮಾದರಿ, ಅದೇ ಅಳತೆ, ಅದೇ ಬಟ್ಟೆ ಎಂಬುದನ್ನು ಪರಿಶೀಲಿಸಿ, ಶಾಂತವಾಗಿ ಕೇಳಿರಿ. ನಗದು ಕೊಡಲೊಪ್ಪದವರು ಮುಂದಿನ ಖರೀದಿಗೆ ರಿಯಾಯಿತಿಯನ್ನೋ ಎರಡು ಕುರ್ಚಿಗಳನ್ನೋ ಕೊಡಲು ಒಪ್ಪಬಹುದು.

ಹಿಂದಿರುಗಿಸಿ ಮತ್ತೆ ಕೊಳ್ಳುವ ಮುನ್ನ ಲೆಕ್ಕ ಹಾಕಿರಿ. ಟೆಂಪೊ ಬಾಡಿಗೆ, ಲಿಫ್ಟ್ ಇಲ್ಲದ ಮಹಡಿಗೆ ಹೊರುವ ಕೂಲಿ, ಬಿಚ್ಚಿ ಜೋಡಿಸುವ ಖರ್ಚು, ಕಂತಿನ ಸಾಲದ ಸಂಸ್ಕರಣಾ ಶುಲ್ಕ ಇವೆಲ್ಲ ಸೇರಿ 5,000 ರೂ. ಆದರೆ, 8,000 ರೂ.ಗಳ ಲಾಭದಲ್ಲಿ ಉಳಿಯುವುದು 3,000 ಮಾತ್ರ. ಮರದ ಸಾಮಾನು ಸಾಗಾಟದಲ್ಲಿ ಸಡಿಲವಾಗುವ ಅಪಾಯ ಬೇರೆ.

ಯಾವಾಗ ದೂರಬಹುದು?

ಬೆಲೆ ಇಳಿಯುವುದು ತಪ್ಪಲ್ಲ. ಬೆಲೆಯ ಬಗ್ಗೆ ಸುಳ್ಳು ಹೇಳುವುದು ತಪ್ಪು. ಎಂದೂ ಮಾರದ ಹೆಚ್ಚಿನ ಬೆಲೆಯನ್ನು ತೋರಿಸಿ ಅರ್ಧ ದರವೆಂದು ನಂಬಿಸುವುದು, ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳು. ‘ಇಂದೇ ಕೊನೆಯ ದಿನ’ ಎಂಬ ಹುಸಿ ಅವಸರವನ್ನು ಸೃಷ್ಟಿಸುವುದನ್ನು 2023ರ ನವೆಂಬರ್‌ನಲ್ಲಿ ಹೊರಬಿದ್ದ ಮಾರ್ಗಸೂಚಿಗಳು ನಿಷೇಧಿಸಿವೆ. ಬೆಲೆ ಇಳಿದರೆ ವ್ಯತ್ಯಾಸ ಕೊಡುವೆವೆಂದು ಲಿಖಿತ ಭರವಸೆಯಿತ್ತು ತಪ್ಪಿದರೂ ದೂರಿಗೆ ಆಧಾರವುಂಟು.

ಅಂತರಜಾಲ ಮಳಿಗೆಯಾದರೆ, 2020ರ ನಿಯಮಗಳಂತೆ ಅದರ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರಿನ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಅನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ವಾಸಸ್ಥಳದ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿರುವುದರಿಂದ, ಕೀರ್ತಿನಗರದಲ್ಲಿ ಕೊಂಡ ನೋಯ್ಡಾ ಅಥವಾ ಗುರುಗ್ರಾಮದ ನಿವಾಸಿಗಳು ದೆಹಲಿಗೆ ಅಲೆಯಬೇಕಾಗಿಲ್ಲ.

ಇದಕ್ಕೆಲ್ಲ ಮೂಲ ಪಕ್ಕಾ ಬಿಲ್ಲು. ‘ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ’ ಎಂಬ ಮಾತಿಗೆ ಒಲಿದು ಕಚ್ಚಾ ಚೀಟಿ ಹಿಡಿದು ಬಂದವರು, ಕಾಲು ಮುರಿದ ಮಂಚದ ಬಗ್ಗೆಯೂ ಕೇಳಲು ಕಷ್ಟಪಡಬೇಕಾಗುತ್ತದೆ. ಬೆಲೆ, ಮರ, ಅಳತೆ, ತಲುಪಿಸುವ ದಿನಾಂಕ, ಹಿಂದಿರುಗಿಸುವ ಅವಧಿ ಈ ಐದೂ ಬಿಲ್ಲಿನಲ್ಲಿ ಇವೆಯೇ ಎಂದು ಹಣ ಕೊಡುವ ಮುನ್ನವೇ ಓದುಗರು ನೋಡಿಕೊಳ್ಳಬೇಕೆಂದು ನಾವು ಕೋರುತ್ತೇವೆ.