ಬೆಂಕಿ ಹೆತ್ತ ಕಪ್ಪು, ಮಳೆ ಉಳಿಸಿದ ಕೆಂಪು

ಬೀದರ್ ಜಿಲ್ಲೆಯ ಬಗದಲ್ ಸೀಮೆಯ ನೆಲ ಕೆಂಪು. ಭಾಲ್ಕಿ, ಔರಾದ್ ಕಡೆ ಹೊರಟು ಮಾಂಜ್ರಾ ಬಯಲಿಗೆ ಇಳಿದರೆ ತೊಗರಿ, ಸೋಯಾ ಬೆಳೆಯುವ ಕಪ್ಪು ಎರೆಭೂಮಿ. ಬಣ್ಣ ಎರಡಾದರೂ ಮೂಲದ ಕಲ್ಲು ಒಂದೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಬಿರುಕು ಬಿಟ್ಟು ಲಾವಾ ಉಕ್ಕಿತು. ಒಂದರ ಮೇಲೊಂದು ಹರಿದು ಆರಿದ ಆ ಪದರಗಳು ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿಕೊಂಡಿವೆ. ಹೀಗೆ ಶಿಲಾರಸ ತಣಿದು ಗಟ್ಟಿಯಾದದ್ದೇ ಅಗ್ನಿಶಿಲೆ, ಮೂರು ಬಗೆಯ ಶಿಲೆಗಳಲ್ಲಿ ಮೊದಲನೆಯದು. ನಮ್ಮ ಕರಿಕಲ್ಲು, ಅಂದರೆ ಬಸಾಲ್ಟ್, ಈ ಗುಂಪಿನದು. ಬಾವಿ ತೋಡುವಾಗ ಮೇಲೆ ಬಂದ ಕರಿಕಲ್ಲಿನ ಚೂರನ್ನು ಬಿಸಿಲಿಗೆ ಹಿಡಿದರೆ ಕೆಲವೊಮ್ಮೆ ಬಿಳಿ ಚುಕ್ಕೆಗಳು ಕಾಣುತ್ತವೆ. ಲಾವಾದೊಳಗಿನ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಳ್ಳುಗಳಲ್ಲಿ ಆಮೇಲೆ ಖನಿಜ ತುಂಬಿಕೊಂಡ ಗುರುತು ಅದು. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿರುವುದೂ ಕರಿಕಲ್ಲಿನಲ್ಲೇ.

ಎರಡನೆಯದು ಪದರು ಶಿಲೆ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಇದಕ್ಕೆ ಸಾಕ್ಷಿ. ಲಾವಾ ಉಕ್ಕುವುದಕ್ಕೂ ಬಹಳ ಹಿಂದೆ ಕಲಬುರಗಿ ಭಾಗದಲ್ಲಿದ್ದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕೂತು ಕಲ್ಲಾಯಿತು. ಹಾಗಾಗಿಯೇ ಅದು ಹಲಗೆಯಂತೆ ಸೀಳಿಬರುತ್ತದೆ. ಮೂರನೆಯದು ರೂಪಾಂತರ ಶಿಲೆ. ಭೂಮಿಯ ಒಡಲಿನ ಶಾಖ, ಒತ್ತಡಕ್ಕೆ ಸಿಕ್ಕಿದ ಹಳೆಯ ಕಲ್ಲು ಪೂರ್ತಿ ಕರಗದೆಯೇ ರೂಪ ಬದಲಿಸುತ್ತದೆ. ಸುಣ್ಣಕಲ್ಲು ಅಮೃತಶಿಲೆಯಾಗುವುದು ಹೀಗೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ರೂಪಾಂತರ ಶಿಲೆ.

ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಾತ್ರ ಈ ಮೂರರಲ್ಲಿ ಯಾವುದಕ್ಕೂ ಸಲೀಸಾಗಿ ಸೇರುವುದಿಲ್ಲ. ಲಕ್ಷಾಂತರ ವರ್ಷ ಮಳೆ, ಬಿಸಿಲಿಗೆ ಕರಿಕಲ್ಲು ಕೊಳೆತು, ಅದರೊಳಗಿನ ಸುಣ್ಣ, ಸಿಲಿಕಾ ನೀರಿನೊಡನೆ ಹೋದವು. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದವು. ಕಬ್ಬಿಣದಿಂದಲೇ ಈ ಕೆಂಪು. ಹೊಸದಾಗಿ ಕಡಿದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವ ಕಲ್ಲಿದು. 15ನೇ ಶತಮಾನದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ ಬಹಮನಿ ಸುಲ್ತಾನರಿಗೆ ಈ ಗುಣ ಒದಗಿಬಂತು. ಕೋಟೆಯ ಮೂರು ಸಾಲಿನ ಕಂದಕವನ್ನು ಈ ಕಲ್ಲಿನಲ್ಲೇ ಕೊರೆದಿದ್ದಾರೆ.

ಈ ಕಲ್ಲಿನ ತುಂಬ ತೂತುಗಳು. ಮಳೆನೀರು ಅವುಗಳ ಮೂಲಕ ಇಳಿದು, ಕೆಳಗಿನ ಗಟ್ಟಿ ಪದರದ ಮೇಲೆ ತಡೆದು ನಿಲ್ಲುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯ ನೀರು, ನಾನಕ್ ಝೀರಾದ ಒರತೆ ಎರಡೂ ಈ ಕೆಂಪು ಕಲ್ಲಿನ ಕೊಡುಗೆ. ನೌಬಾದಿನ ಸುರಂಗ ಬಾವಿ ತೋಡಿದವರು ಈ ಕೆಂಪು ಕಲ್ಲು, ಅದರಡಿಯ ಕರಿಕಲ್ಲು ಎರಡರ ಸಂದನ್ನೇ ಹಿಡಿದು ಊರಿಗೆ ನೀರು ತಂದರು.

ಆದ್ದರಿಂದ ಕೆಂಪು ನೆಲವನ್ನು ಬರೀ ನಿವೇಶನವೆಂದು ನೋಡಬಾರದು. ಅದರ ಮೇಲೆಲ್ಲ ಕಾಂಕ್ರೀಟ್ ಹೊದಿಸಿದರೆ, ಸುರಂಗದ ಬಾಯಿಗಳಿಗೆ ಕಸ ಸುರಿದರೆ ಮಳೆನೀರು ಒಳಗಿಳಿಯುವ ದಾರಿಯನ್ನು ನಾವೇ ಮುಚ್ಚಿದಂತೆ. ಶಿಲೆಗಳ ಪಾಠ ಹೇಳುವ ಮೇಷ್ಟ್ರುಗಳು ಮಕ್ಕಳನ್ನು ಒಮ್ಮೆ ಕೋಟೆಯ ಕಂದಕಕ್ಕೆ, ನೌಬಾದಿಗೆ ಕರೆದೊಯ್ಯಲಿ. ಕಲ್ಲು ನೀರನ್ನು ಹೇಗೆ ಕಾಯುತ್ತದೆಂದು ಕಣ್ಣಾರೆ ಕಂಡ ಮಕ್ಕಳು ನಾಳೆ ಈ ನೆಲವನ್ನೂ ಕಾಯುತ್ತಾರೆ.